ಕವುಚಿಟ್ಟ ಮಡಕೆ

ಹಾಲಿನ ಕೋಣೆಯ ಮೂಲೆಯಲ್ಲಿ ಕವುಚಿಟ್ಟ ಮಡಕೆಯೊಂದನ್ನು ಮಾತ್ರ ನೆಟ್ಟಗೆ ಇಡಬೇಡ ಎಂದು ಅತ್ತೆ ಹೇಳಿದಾಗ, ಮೊಲೆಗೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸೊಸೆ ನಕ್ಕುಬಿಟ್ಟಳು. ಮದುವೆಗೆ ಮುಂಚೆ ಪಟ್ಟಣದ ಹಾಲಿನ ಕಾರ್ಖಾನೆಯಲ್ಲಿ, ಹೊಳೆಯುವ ಸ್ಟೀಲ್ ಕ್ಯಾನುಗಳ ನಡುವೆ ದುಡಿದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡಳು.

ಅತ್ತೆ ಹೇಳಿದ ಕತೆ ಇಷ್ಟೇ. ಹಿಂದೆ ಈ ಮನೆಯ ಕೂಸಿಗೆ ಮೊಲೆಯೂಡಲು ಬಾಣಂತಿಯೊಬ್ಬಳನ್ನು ತಂದು ಇಟ್ಟುಕೊಂಡಿದ್ದರು. ಅವಳ ಸ್ವಂತ ಕೂಸು ಹಸಿದು ಸತ್ತಿತು. ಅವಳು ಕೊನೆಯ ಹಾಲನ್ನು ಹೊಸ ಮಡಕೆಯೊಂದಕ್ಕೆ ಹಿಂಡಿ, ಅದರ ಬಾಯಿಗೆ ಬಾಯಿಟ್ಟು ಏನೋ ಪಿಸುಗುಟ್ಟಿ, ಹೊರಟುಹೋದಳು.

"ಅದು ಹಾಲು ಕೇಳತ್ತೆ," ಎಂದಳು ಅತ್ತೆ. "ಹಸುವಿನದು ಕೊಟ್ರೆ ನಿನ್ನದನ್ನ ಕೇಳತ್ತೆ."

"ಮಣ್ಣಿನ ಮಡಕೆ ಅತ್ತೆ. ಹೀರದೆ ಇನ್ನೇನು ಮಾಡತ್ತೆ?"

ಅತ್ತೆ ಎದ್ದು ಕೆಲಸಕ್ಕೆ ಹೋದಳು. ಸೊಸೆ ಕಂಡಾಗಿನಿಂದಲೂ ಅವಳು ತಣ್ಣಗಿನ ಹೆಂಗಸು. ಅಮ್ಮ ತನ್ನನ್ನು ಎತ್ತಿಕೊಂಡ ನೆನಪೇ ಇಲ್ಲವೆಂದು ಗಂಡ ತಮಾಷೆಗೆ ಹೇಳುವುದಿತ್ತು.

ಹಾಲಿನ ಕೋಣೆ ನೆಲದಿಂದ ಕೆಳಗಿತ್ತು. ಕಿಟಕಿಯಿಲ್ಲ, ಹಗಲಲ್ಲೂ ದೀಪ ಬೇಕು. ಕಲ್ಲುಚಪ್ಪಡಿಗಳ ಮೇಲೆ ಅಗಲ ಬಾಯಿಯ ಮಡಕೆಗಳಲ್ಲಿ ಹಾಲು ಕೆನೆ ಕಟ್ಟುತ್ತ ಕೂತಿರುತ್ತಿತ್ತು. ಹುಳಿವಾಸನೆ, ತೇವ, ಗೋಡೆಯಲ್ಲೆಲ್ಲೋ ನೀರು ತೊಟ್ಟಿಕ್ಕುವ ಸದ್ದು. ಒಂದು ಬೆಳಿಗ್ಗೆ ಮಡಕೆಯೊಂದು ಬಿರುಕುಬಿಟ್ಟಿತು. ಕರೆದ ಹಾಲು ಕೈಯಲ್ಲಿತ್ತು, ಬೇರೆ ಪಾತ್ರೆ ಖಾಲಿಯಿರಲಿಲ್ಲ. ಸೊಸೆ ಮೂಲೆಯ ಮಡಕೆಯನ್ನು ಎತ್ತಿ ನೆಟ್ಟಗಿಟ್ಟಳು. ಒಳಗಿನಿಂದ ಎಳೆಗೂಸಿನ ಬಾಯಿಯ ವಾಸನೆ ಬಂತು. ತನ್ನ ಮೈಯದೇ ಇರಬೇಕು ಎಂದುಕೊಂಡು ಹಾಲು ಸುರಿದಳು.

ಸಂಜೆ ನೋಡಿದರೆ ಮಡಕೆ ಬರಿದು. ಅಡಿಯ ಕಲ್ಲು ಒಣಗಿಯೇ ಇತ್ತು. ಹೈನಿನ ಮನೆಯಲ್ಲಿ ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು. ಹೊಸ ಮಡಕೆಯ ರಂಧ್ರಗಳಿಗೆ ಹಾಲಿನ ಜಿಡ್ಡು ಕೂರುವವರೆಗೆ ಕುಡಿಸಬೇಕು, ಆಗ ಅದು ಪಳಗುತ್ತದೆ. ಬಹಳ ಕಾಲ ಕವುಚಿಟ್ಟು ಒಣಗಿದೆ ಪಾಪ ಎಂದು ಸೊಸೆ ಮತ್ತೆ ಸುರಿದಳು, ಮರುದಿನ ಇನ್ನೂ ಸುರಿದಳು. ಬೆನ್ನ ಹಿಂದೆ ಚಪ್, ಚಪ್ ಎಂದು ಚೀಪುವ ಸದ್ದಾದರೆ ಮಣ್ಣು ಗಾಳಿ ಬಿಡುತ್ತಿದೆ ಎಂದುಕೊಂಡಳು.

ಅಷ್ಟರಲ್ಲಿ ಅವಳ ಮಗು ಮೊಲೆ ಕಚ್ಚಿ ಕಚ್ಚಿ ಬಿಡತೊಡಗಿತು. ಎದೆ ಹಿಂಡಿದ ಬಟ್ಟೆಯಂತಾಗಿತ್ತು. ಹಸುವಿನ ಹಾಲು ಕುಡಿಸಿದರೆ ಕಕ್ಕುತ್ತಿತ್ತು. ಅಳು ಸಣ್ಣದಾಯಿತು, ಆಮೇಲೆ ಬರೀ ಬಾಯಿ ತೆರೆಯಿತು, ಸದ್ದಿಲ್ಲ. ಸೊಸೆಗೆ ಅತ್ತೆಯ ಮಾತು ನೆನಪಾಯಿತು. ರುಬ್ಬುಗುಂಡನ್ನು ಎತ್ತಿಕೊಂಡು ಹಾಲಿನ ಕೋಣೆಗೆ ಓಡಿದಳು.

ಅತ್ತೆ ಹಿಂದೆಯೇ ಬಂದು ಕೈ ಹಿಡಿದಳು. "ಒಡೀಬೇಡ. ಅರ್ಧಕ್ಕೆ ಒಡೆದ್ರೆ ಮಗುವೂ ಅದರ ಜೊತೆ ಹೋಗತ್ತೆ. ಪಳಗಿಸಿ ಮುಗಿಸು."

"ಯಾವ ಹಾಲಲ್ಲಿ?"

ಅತ್ತೆ ಅವಳ ಎದೆ ನೋಡಿದಳು.

ಮಣ್ಣು ಬೆಚ್ಚಗಾಗಿ ಹಾಲು ಹಿಡಿಯಲೆಂದು ಸಣ್ಣಗೆ ಒಲೆ ಹೊತ್ತಿಸಿದರು. ಮಡಕೆ ಇಟ್ಟರು. ಸೊಸೆ ಬಾಗಿ ಹಿಂಡಿಕೊಂಡಳು. ಏನೂ ಇಲ್ಲ. ಮತ್ತೆ ಹಿಂಡಿದಳು. ಒಂದು ಹನಿ. ದೀಪವೂ ಒಲೆಯೂ ಆರಿದವು. ಮಡಕೆಯ ಅಂಚು ಎದೆಗೆ ತಾಗಿತು. ಒದ್ದೆಯಾಗಿತ್ತು. ಬೆಚ್ಚಗಿತ್ತು. ಕಚ್ಚಿಕೊಂಡಿತು. ಅವಳು ಮಗುವನ್ನು ನೆನೆದಳು. ಅದರ ಮುಷ್ಟಿ. ನೆತ್ತಿಯ ವಾಸನೆ. ಒಂದೊಂದೇ ಎದೆಯಿಂದ ಇಳಿದು ಹೋದವು. ಚಪ್. ಚಪ್. ಆಮೇಲೆ ಸದ್ದು ನಿಂತಿತು.

ಅತ್ತೆ ಹಸುವಿನ ಹಾಲು ಸುರಿದಳು. ಅದು ಅಂಚಿನವರೆಗೂ ತುಂಬಿ ನಿಂತಿತು, ಹನಿಯೂ ಕಡಿಮೆಯಾಗಲಿಲ್ಲ. ಮೇಲೆ ಮಗು ಹಸುವಿನ ಹಾಲನ್ನು ಗಟಗಟ ಕುಡಿದು ಮಲಗಿತು. ಕಕ್ಕಲಿಲ್ಲ.

ಮಗು ಮೈಕೈ ತುಂಬಿಕೊಂಡಿತು. ತಾಯಿಯನ್ನು ಕಂಡರೆ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಸೊಸೆ ಅದನ್ನು ತೊಳೆದಳು, ಒರೆಸಿದಳು, ಮಲಗಿಸಿದಳು. ನೆರೆಮನೆಯವರ ಕೂಸನ್ನು ನೋಡಿಕೊಂಡಂತಿತ್ತು. ಅಳು ಬರಬಹುದೆಂದು ಕಾದಳು, ಅದೂ ಬರಲಿಲ್ಲ.

ಒಂದು ಮಧ್ಯಾಹ್ನ ಕೆನೆ ತೆಗೆಯುತ್ತ ಅತ್ತೆಯನ್ನು ಕೇಳಿದಳು, "ಮಗು ಮೇಲಿನ ಕರುಳು ಯಾವಾಗ ವಾಪಸ್ಸು ಬರತ್ತೆ?"

"ಬರಲ್ಲ. ನಿನ್ನ ಗಂಡ ಹುಟ್ಟಿದಾಗ ನಾನೂ ಕಾದಿದ್ದೆ."

"ಮತ್ತೆ ಆಮೇಲಾದ್ರೂ ಯಾಕೆ ಒಡೀಲಿಲ್ಲ?"

"ನನ್ನದು ಅದರೊಳಗೇ ಇದೆಯಲ್ಲ," ಎಂದಳು ಅತ್ತೆ.

ಮೇಲೆ ಮಗು ಎದ್ದು ಅಳತೊಡಗಿತು. ಇಬ್ಬರಿಗೂ ಕೇಳಿಸಿತು. ಸೊಸೆ ಮಡಕೆಯನ್ನು ಬರಿದು ಮಾಡಿ, ತೊಳೆದು, ಎರಡೂ ಕೈಯಲ್ಲಿ ಎತ್ತಿ, ಕುತ್ತಿಗೆ ನಿಲ್ಲದ ಕೂಸಿಗೆ ಕೊಡುವಂತೆ ಅಡಿಗೆ ಅಂಗೈ ಕೊಟ್ಟು ಮೂಲೆಗೆ ಒಯ್ದಳು. ಮೆಲ್ಲಗೆ ಕವುಚಿಟ್ಟಳು. ಮೇಲಿನ ಅಳು ನಿಲ್ಲುವವರೆಗೂ ಅದರ ಬೆನ್ನು ತಟ್ಟುತ್ತ ಅಲ್ಲೇ ಕೂತಿದ್ದಳು.