ಕರಿ ಚಾಕು, ಬಿಳಿ ಚಾಕು ಮತ್ತು ಪ್ರೊಫೆಸರ್

“ಇಪ್ಪತ್ತೆಂಟು, ಇಪ್ಪತ್ತೊಂಬತ್ತು...”

“ಇಪ್ಪತ್ತೊಂಬತ್ತು ಆಗ್ಲೇ ಆಯ್ತಲ್ಲಕ್ಕಾ!” ಎಂದ ತಮ್ಮ.

“ನೀನು ಬಾಯಿ ಮುಚ್ಕೊಂಡು ಕೂತ್ರೆ ಮೂವತ್ತೂ ಆಗತ್ತೆ!”

ಪ್ರೊಫೆಸರ್ ಕರಿ ಚಾಕುವನ್ನು ಸಾಣೆಕಲ್ಲಿನ ಮೇಲೆ ಮೂವತ್ತನೇ ಸಲ ಸರ್ರನೆ ಎಳೆದು ಹಣೆಯ ಬೆವರು ಒರೆಸಿಕೊಂಡಳು. ಈ ಪ್ರೊಫೆಸರ್ ಓದುತ್ತಿದ್ದುದು ಐದನೇ ಕ್ಲಾಸು. ಯಾರು ಏನು ಹೇಳಲು ಹೊರಟರೂ “ಅದು ನಂಗೊತ್ತು” ಎನ್ನುತ್ತಿದ್ದಳಾದ್ದರಿಂದ ಮನೆಯವರೆಲ್ಲ ಸೇರಿ ಕೊಟ್ಟ ಪದವಿ ಅದು. ಅದು ತಮಾಷೆ ಎಂದು ಅವಳಿಗೆ ಬಹಳ ದಿನ ತಿಳಿಯಲೇ ಇಲ್ಲ. ಹೊಗಳಿಕೆ ಎಂದುಕೊಂಡು ನೋಟ್‌ಬುಕ್ಕಿನ ಲೇಬಲ್ ಮೇಲೂ ಬರೆದುಕೊಂಡಿದ್ದಳು.

ಅವಳ ಅತ್ತೆಗೆ ಜನರನ್ನು ಬೆಟ್ಟ ಕಾಡುಗಳಿಗೆ ಟ್ರೆಕಿಂಗ್ ಕರೆದೊಯ್ಯುವ ಕೆಲಸ. ಹೊರಡುವ ಮುಂಚೆ ತನ್ನ ಎರಡು ಚಾಕುಗಳನ್ನು ತಾನೇ ಮಸೆಯುತ್ತಿದ್ದಳು. ಇವತ್ತು ಮೊದಲ ಸಲ ಆ ಕೆಲಸ ಪ್ರೊಫೆಸರ್ ಕೈಗೆ ಬಂದಿತ್ತು.

“ಚೆನ್ನಾಗಿ ಮಾಡಿದ್ರೆ ಇನ್ಮೇಲೆ ಚಾಕು ಡಿಪಾರ್ಟ್‌ಮೆಂಟ್ ನಿಂದೇ,” ಎಂದಿದ್ದಳು ಅತ್ತೆ.

ಡಿಪಾರ್ಟ್‌ಮೆಂಟ್ ಅಂದರೆ ಸಾಮಾನ್ಯವೇ! ಪ್ರೊಫೆಸರ್ ಮನಸ್ಸಿನಲ್ಲೇ ಅದಕ್ಕೊಂದು ಬೋರ್ಡು ಬರೆಸಿ, ತಮ್ಮನನ್ನು ಜವಾನನ ಕೆಲಸಕ್ಕೆ ಸೇರಿಸಿಕೊಂಡೂ ಆಗಿತ್ತು.

ಬಾಲ್ಕನಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಕಲ್ಲನ್ನು ಇಟ್ಟು, ಅತ್ತೆ ಎರಡೂ ಚಾಕುಗಳನ್ನು ತೋರಿಸಿದ್ದಳು. “ಈ ಕರಿದು ಕಾರ್ಬನ್ ಸ್ಟೀಲು. ಬೇಗ ಹರಿತ ಆಗತ್ತೆ, ಒದ್ದೆ ಬಿಟ್ರೆ ಬೇಗ ತುಕ್ಕೂ ಹಿಡಿಯತ್ತೆ. ಈ ಬಿಳಿದು ಗಟ್ಟಿ ಸ್ಟೇನ್‌ಲೆಸ್ಸು. ಮಹಾ ಹಠಮಾರಿ, ಸುಲಭಕ್ಕೆ ಬಗ್ಗಲ್ಲ.”

“ಗೊತ್ತತ್ತೆ, ವಿಡಿಯೋ ನೋಡಿದೀನಿ.”

“ಪೂರ್ತಿ ಕೇಳು. ಉಜ್ತಾ ಉಜ್ತಾ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆ ಏಳತ್ತೆ. ಅದನ್ನ ಹಗುರವಾಗಿ ಉಜ್ಜಿ ತೆಗೀಬೇಕು. ಕರಿದ್ರಲ್ಲಿ ಬೇಗ ಬಿಟ್ಟುಹೋಗತ್ತೆ. ಬಿಳಿದ್ರಲ್ಲಿ ಅಂಟ್ಕೊಂಡೇ ಇರತ್ತೆ. ಹಾಗೇ ಬಿಟ್ರೆ ಚಾಕು ಹರಿತ ಆದ ಹಾಗೆ ನಾಟಕ ಆಡತ್ತೆ.”

“ಗೊತ್ತು, ಗೊತ್ತು!”

ಅಷ್ಟರಲ್ಲಿ ಅತ್ತೆಗೆ ಫೋನು ಬಂತು. ಅವಳು ಅಲ್ಲೇ ಬಾಲ್ಕನಿಯ ಇನ್ನೊಂದು ತುದಿಯಲ್ಲಿ ಕೂತು, ಹಗ್ಗಗಳನ್ನು ಸುತ್ತುತ್ತ ಮಾತಿಗೆ ತೊಡಗಿದಳು.

ಕರಿ ಚಾಕು ಹೇಳಿದ ಮಾತು ಕೇಳಿತು. ಆ ಕಡೆ ಮೂವತ್ತು, ಈ ಕಡೆ ಮೂವತ್ತು, ಕೊನೆಗೆ ಹಗುರವಾಗಿ ಹತ್ತು. ಹಳೇ ಪೇಪರು ಸರ್ರನೆ ಸೀಳಿತು. ಪ್ರೊಫೆಸರ್ ಅದನ್ನು ಒರೆಸಿ, ಎಣ್ಣೆ ಸವರಿ, ರಫ್ ನೋಟಿನ ಕೊನೆಯ ಪುಟದಲ್ಲಿ ಲೆಕ್ಕ ಬರೆದಳು. ಕೆಳಗೆ ‘ಬಿಳಿದಕ್ಕೂ ಇದೇ’ ಎಂದು ಸೇರಿಸಿ ಗೆರೆ ಎಳೆದಳು.

ಬಿಳಿ ಚಾಕು ಆ ಲೆಕ್ಕವನ್ನು ಓದಿರಲಿಲ್ಲ. ಮೂವತ್ತಾಯಿತು, ಅರವತ್ತಾಯಿತು, ನೂರಾಯಿತು. ಪೇಪರು ಮುದುಡಿತೇ ಹೊರತು ಸೀಳಲಿಲ್ಲ.

“ಅಕ್ಕಾ, ಇದು ಚಾಕುನೋ ಸ್ಕೇಲೋ?” ಎಂದ ತಮ್ಮ.

ಪ್ರೊಫೆಸರಿಗೆ ರೇಗಿತು. ಹಲ್ಲು ಕಚ್ಚಿ, ಒತ್ತಿ ಒತ್ತಿ ಇನ್ನೂ ಐವತ್ತು ಸಲ ಉಜ್ಜಿದಳು. ಈಗ ಪೇಪರು ಸೀಳಿತು! ಹಗುರವಾಗಿ ಉಜ್ಜುವ ತಾಳ್ಮೆ ಯಾರಿಗಿದೆ? ನಾಲ್ಕು ಪಟ್ಟಿ ಕತ್ತರಿಸಿ ಅತ್ತೆಯತ್ತ ಬಾವುಟದ ಹಾಗೆ ಬೀಸಿದಳು.

ಅತ್ತೆ ಫೋನಿನಲ್ಲೇ ನಕ್ಕಳು. “ಚಾಕುಗಳೂ ರೆಡಿ ಕಣ್ರೀ. ನಮ್ಮನೆ ಪ್ರೊಫೆಸರ್ ಮಸೆದಿದ್ದು!”

ಪ್ರೊಫೆಸರಿಗೆ ಆಗಲೇ ಎರಡು ಕೊಂಬು ಮೂಡಿದವು. “ಏ, ಏನಾದ್ರೂ ತಗೊಂಡ್ಬಾ, ಕತ್ತರಿಸಿ ತೋರಿಸ್ತೀನಿ,” ಎಂದು ತಮ್ಮನಿಗೆ ಅಪ್ಪಣೆ ಮಾಡಿದಳು. ಅವನು ಸವೆದ ಹಗ್ಗದ ತುಂಡೊಂದನ್ನು ತಂದ.

ಚಾಕು ಹಗ್ಗದ ಮೇಲೆ ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿತು. ಹಗ್ಗದ ಎರಡು ನೂಲು ಎದ್ದು ನಿಂತವು, ಅಷ್ಟೇ. ಗಾಬರಿಯಿಂದ ಮತ್ತೆ ಪೇಪರು ತೆಗೆದುಕೊಂಡಳು. ಈಗ ಪೇಪರೂ ಮುದುಡಿತು.

ನಾಟಕ! ಅತ್ತೆ ಹೇಳಿದ್ದ ಎಳೆ ಅದು. ಬಾಗಿ ಮಲಗಿಬಿಟ್ಟಿತ್ತು.

“ಪರವಾಗಿಲ್ಲ ಬಿಡಕ್ಕ,” ಎಂದ ತಮ್ಮ ದೊಡ್ಡ ಮನಸ್ಸಿನಿಂದ. “ಅತ್ತೆ ಕಾಡಲ್ಲಿ ಪೇಪರ್ ಕಟ್ ಮಾಡ್ಬೇಕಾದ್ರೆ ಉಪಯೋಗಕ್ಕೆ ಬರತ್ತೆ.”

ಪ್ರೊಫೆಸರ್ ಇಂಗು ತಿಂದ ಮಂಗನ ಹಾಗೆ ಕೂತಳು. ಅತ್ತೆಯನ್ನು ಕರೆದೊಯ್ಯುವ ಗಾಡಿ ಬರಲು ಇನ್ನು ಹತ್ತೇ ನಿಮಿಷ. ಸುಮ್ಮನೆ ಒರೆಗೆ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಡಿಪಾರ್ಟ್‌ಮೆಂಟೂ ಉಳಿಯುತ್ತದೆ. ಅವಳು ಒರೆಗೆ ಹಾಕಿಯೂ ಬಿಟ್ಟಳು.

ಆದರೆ ಕಣ್ಣೆದುರಿಗೆ ಅತ್ತೆ ಬಂದು ನಿಂತಳು. ಎಲ್ಲೋ ಮಳೆ. ಯಾರದೋ ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿದೆ. ಅತ್ತೆ ಗರಗರ ಕೊಯ್ಯುತ್ತಿದ್ದಾಳೆ, ಹಗ್ಗ ತುಂಡಾಗುತ್ತಿಲ್ಲ. ಪ್ರೊಫೆಸರ್ ಒರೆಸಮೇತ ಚಾಕುವನ್ನು ಕೈಗೆತ್ತಿಕೊಂಡಳು. ಎದ್ದು ಹೋಗಿ ಅತ್ತೆಯ ಎದುರು ನಿಂತಳು.

“ಅತ್ತೆ, ಬಿಳಿ ಚಾಕು ತಗೊಂಡು ಹೋಗ್ಬೇಡ. ಅದು ಮೊಂಡು.”

“ಈಗಷ್ಟೇ ಪೇಪರ್ ಕತ್ತರಿಸಿದ್ಯಲ್ಲೇ?”

“ಎಳೆ ತೆಗೀಲಿಲ್ಲ. ಹಗ್ಗದ ಮೇಲೆ ಜಾರ್ತಿದೆ. ನೀ ಹೇಳಿದ್ದೆ, ನಾನೇ ಕೇಳ್ಲಿಲ್ಲ.”

ಅತ್ತೆ ಚಾಕುವನ್ನು ಒರೆಯಿಂದ ತೆಗೆದು ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಮಿನುಗಿತು. ಬೈಗುಳ ಬರುತ್ತದೆಂದು ಪ್ರೊಫೆಸರ್ ಕಣ್ಣು ಮುಚ್ಚಿಕೊಂಡಳು.

“ಅಬ್ಬ, ಎಷ್ಟು ಸಲ ಉಜ್ಜಿದ್ಯೇ ಮಾರಾಯ್ತಿ?”

“ನೂರಾ ಐವತ್ತು. ಇವನು ಮಧ್ಯೆ ಮಾತಾಡಿದ್ರಿಂದ ನೂರಾ ಅರವತ್ತೂ ಇರ್ಬಹುದು.”

ಅತ್ತೆ ಜೋರಾಗಿ ನಕ್ಕಳು. “ನಾನು ಮೊದಲ ಸಲ ಮಸೆದಾಗ ಚಾಕು ಹೋಗಿ ಚಮಚ ಆಗಿತ್ತು. ಅದ್ರಲ್ಲಿ ಮೊಸರು ತಿನ್ನಬಹುದಿತ್ತು!” ಆಮೇಲೆ ನಗು ನಿಲ್ಲಿಸಿದಳು. “ಇದನ್ನ ಸರಿ ಮಾಡೋಕೆ ಈಗ ಟೈಮಿಲ್ಲ. ಮನೇಲಿರ್ಲಿ, ಬಂದ್ಮೇಲೆ ಇಬ್ರೂ ಕೂತು ಮಾಡೋಣ. ಕರಿದೊಂದ್ರಲ್ಲೇ ಸುಧಾರಿಸ್ತೀನಿ.”

ಅವಳು ಬಿಳಿ ಚಾಕುವನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟು ಬಂದು ಕರಿ ಚಾಕುವನ್ನು ಕೈಗೆತ್ತಿಕೊಂಡಳು.

“ಅದನ್ನೂ ಒಂದ್ಸಲ ನೋಡ್ಬಿಡತ್ತೆ,” ಎಂದಳು ಪ್ರೊಫೆಸರ್, ಸಣ್ಣ ದನಿಯಲ್ಲಿ.

ಅತ್ತೆ ನೋಡಲಿಲ್ಲ. ಹಿಡಿಯನ್ನು ಮುಂದೆ ಮಾಡಿ ಚಾಕುವನ್ನು ಅವಳಿಗೇ ಕೊಟ್ಟಳು.

“ನೀನೇ ಹೇಳು. ಸರಿಯಿದ್ಯಾ?”

ಪ್ರೊಫೆಸರ್ ಪೇಪರು ಮುಟ್ಟಲಿಲ್ಲ. ಅಂಚನ್ನು ಬೆಳಕಿಗೆ ಹಿಡಿದು ಬುಡದಿಂದ ತುದಿಯವರೆಗೆ ನೋಡಿದಳು. ಹಗ್ಗದ ತುಂಡನ್ನು ಹಲಗೆಯ ಮೇಲಿಟ್ಟು ಕೊಯ್ದಳು. ಒಂದೇ ಎಳೆತಕ್ಕೆ ಎರಡಾಯಿತು. ಇನ್ನೊಂದು ಕಡೆ ಕೊಯ್ದಳು. ಮತ್ತೊಂದು ಕಡೆಯೂ ಕೊಯ್ದಳು. ಹೊರಗೆ ಗಾಡಿಯ ಹಾರ್ನು ಕೂಗಿತು. ಅವಳು ಇನ್ನೊಮ್ಮೆ ಬೆಳಕಿಗೆ ಹಿಡಿದಳು.

“ಸರಿಯಿದೆ,” ಎಂದಳು.

ಅತ್ತೆ ಚಾಕುವನ್ನು ಒರೆಗೆ ಸೇರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

ಪ್ರೊಫೆಸರ್ ಬಾಲ್ಕನಿಯ ಕಂಬಿ ಹಿಡಿದು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಳು. ‘ಸರಿಯಿದೆ’ ಎನ್ನುವ ಅಷ್ಟು ಸಣ್ಣ ಮಾತು ಇಷ್ಟು ಭಾರವಿರುತ್ತದೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.