ಲಾಗಿನ್ ಆದ ಮೇಲೆ ತೆರೆದ ಪುಟ

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಮುಂಬಯಿಯ ಕಾಂದಿವಲಿ ಪೂರ್ವದ ಪೊಲೀಸ್ ಠಾಣೆಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿ ಇತ್ತು. ಡ್ಯೂಟಿಯಲ್ಲಿದ್ದವರಿಗೆ ಹಿಂದಿಯಲ್ಲಿ ಎರಡು ಮಾತು ಹೇಳಿ, ಮೂರನೆಯದು ಹೇಳಲಾಗದೆ ಅಳತೊಡಗಿದಳು. ಅಳುವಿನ ನಡುವೆ ಬಂದ ಕನ್ನಡ ಕಾನ್‌ಸ್ಟೆಬಲ್ ಯಲ್ಲಾಲಿಂಗನ ಕಿವಿಗೆ ಬಿತ್ತು. ಅವನು ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟ.

"ಯಾರು ಕಾಣವಲ್ರು ಅಕ್ಕಾ?"

"ನಮ್ಮ ತಂಗಿರೀ. ಕಾಶವ್ವ ಅಂತ. ಶನಿವಾರ ಮುಂಜಾನೆ ಡ್ಯೂಟಿಗೆ ಅಂತ ಹೋದಾಕಿ, ಸಂಜಿಯಿಂದ ಫೋನ್ ಹತ್ತವಲ್ದು."

ಬಂದವಳ ಹೆಸರು ಗುರುಬಾಯಿ. ಊರು ಇಂಡಿ ತಾಲ್ಲೂಕು. ಈಗ ಠಾಣೆಯಿಂದ ಕೂಗಳತೆಯ ಚಾಳಿನಲ್ಲಿ ತಂಗಿಯ ಜೊತೆ ವಾಸ. ಕಾಶವ್ವನಿಗೆ ಮೂವತ್ತನಾಲ್ಕು. ಅಂಧೇರಿಯ ಒಂದು ಬ್ಯೂರೋ ಮೂಲಕ ರೋಗಿಗಳನ್ನೂ ವಯಸ್ಸಾದವರನ್ನೂ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸ.

ಇನ್‌ಸ್ಪೆಕ್ಟರ್ ಜ್ಯೋತ್ಸ್ನಾ ಸಾಲಿಯಾನ್ ಒಳಗಿನಿಂದ ಬಂದು ಎದುರು ಕೂತರು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಾದರೂ ಅಪ್ಪ ಅಮ್ಮ ಉಡುಪಿ ಕಡೆಯವರು, ಕನ್ನಡದಲ್ಲೇ ಕೇಳಿದರು.

"ಕೊನೆಯ ಸಲ ಮಾತಾಡಿದ್ದು ಯಾವಾಗ?"

"ಶನಿವಾರ ಹನ್ನೊಂದಕ್ಕರೀ. ಮುಟ್ಟೀನಿ ಅಂದ್ಲು. ಮುದುಕಿ ಭಾಳ ಹಟಮಾರಿ ಅದಾಳ, ಆಮ್ಯಾಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಲು."

"ಬ್ಯೂರೋದವರು ಏನು ಹೇಳಿದ್ರು?"

ಗುರುಬಾಯಿಯ ದನಿ ಗಟ್ಟಿಯಾಯಿತು. "ನಿಮ್ಮ ತಂಗಿ ಅಂಧೇರಿ ಡ್ಯೂಟಿಗೆ ಬಂದೇ ಇಲ್ಲ, ಯಾರ ಕೂಡ ಓಡಿ ಹೋಗ್ಯಾಳೋ ನೋಡ್ಕೋ ಹೋಗು ಅಂದ್ರರೀ. ನಮ್ಮ ಕಾಶವ್ವ ಅಂಥಾಕಿ ಅಲ್ಲ."

ಕಾಣೆಯಾದವರ ದಾಖಲೆಯಲ್ಲಿ 9.55ಕ್ಕೆ ನಮೂದಾಯಿತು. ಕಾಶವ್ವನ ನಂಬರಿನ ಮಾಹಿತಿಗೆ ಮೊಬೈಲ್ ಕಂಪನಿಗೆ ಮೇಲ್ ಹೋಯಿತು. 11.40ಕ್ಕೆ ಉತ್ತರ ಬಂತು: ಫೋನು ಶನಿವಾರ ಸಂಜೆ 5.40ಕ್ಕೆ ಆರಿದೆ, ಕೊನೆಯ ಟವರ್ ಬೊರಿವಲಿ ಪಶ್ಚಿಮ.

"ಅಂಧೇರಿಗೆ ಹೋಗಬೇಕಾದವಳು ಬೊರಿವಲಿಯಲ್ಲಿ ಏನು ಮಾಡುತ್ತಿದ್ದಳು?" ಎಂದರು ಜ್ಯೋತ್ಸ್ನಾ.

ಜೀಪು ಅಂಧೇರಿಗೆ ಹೊರಟಿತು.

ಬ್ಯೂರೋ ಇದ್ದದ್ದು ಸ್ಟೇಷನ್ ಹತ್ತಿರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ನಡೆಸುವವರು ಸೇವಂತಿ ಪೂಜಾರಿ. ಐವತ್ತೈದರ ಹೆಂಗಸು, ಕೊರಳಲ್ಲಿ ಎರಡು ಫೋನು. ಗಾಜಿನ ಆಚೆ ಮೂರು ಮೇಜು. ಅದರಲ್ಲೊಂದರಿಂದ ನಡುವಯಸ್ಸಿನ ಗಂಡಸು ಎದ್ದು ಬಂದು, ಕೇಳಿದ ಕಾಗದವನ್ನು ಪ್ರಿಂಟ್ ತೆಗೆದು ಕೊಟ್ಟ. ಡ್ಯೂಟಿ ಹಂಚುವ ಸುಭಾಷ ಮಾನೆ ಎಂದು ಸೇವಂತಿ ಪರಿಚಯಿಸಿದರು. ಅವನು ಯಾರ ಮುಖವನ್ನೂ ನೋಡದೆ ತನ್ನ ಜಾಗಕ್ಕೆ ಹೋದ.

ಕಾಗದದಲ್ಲಿ ಹೀಗಿತ್ತು: ಕಾಶವ್ವ, ಫೆಬ್ರವರಿ 8, ಬೆಳಿಗ್ಗೆ 9 ಗಂಟೆ, ಅಂಧೇರಿ ಪಶ್ಚಿಮ. ರೋಗಿ ಅಂಗಾರ, 71 ವರ್ಷ, ಸೊಂಟದ ಆಪರೇಷನ್. ಕೆಳಗೆ ಕೆಂಪಕ್ಷರದಲ್ಲಿ: ಹಾಜರಿಲ್ಲ, ಓಡಿಹೋಗಿದ್ದಾಳೆ.

"ಆ ಅಂಗಾರಣ್ಣ ಶನಿವಾರ ಒಬ್ಬರೇ ಬಾತ್‌ರೂಮಿಗೆ ಹೋಗಿ ಬಿದ್ದದ್ದು ಮೇಡಂ. ದೇವರು ದೊಡ್ಡವ, ಏನೂ ಮುರೀಲಿಲ್ಲ. ಆದ್ರೆ ಅವರ ಮಗಳು ನನ್ನನ್ನು ಬೈದದ್ದು ಕೇಳ್ಬೇಕಿತ್ತು ನೀವು," ಎಂದರು ಸೇವಂತಿ.

ಜ್ಯೋತ್ಸ್ನಾ ಕಾಗದದ ಮೇಲೆ ಬೆರಳಿಟ್ಟರು. "ರೋಗಿ ಗಂಡಸು. ಕಾಶವ್ವ ಅಕ್ಕನಿಗೆ ಹೇಳಿದ್ದು ಮುದುಕಿ ಅಂತ. ಅವಳಿಗೆ ವಿಳಾಸ ಕೊಟ್ಟದ್ದು ಯಾರು?"

"ಯಾರೂ ಕೊಡುದಿಲ್ಲ. ವೆಬ್‌ಸೈಟ್ ಉಂಟಲ್ಲ. ಫೋನಲ್ಲಿ ಲಾಗಿನ್ ಆದ್ರೆ ಅವರವರ ಡ್ಯೂಟಿ ಬರ್ತದೆ."

ವೆಬ್‌ಸೈಟ್ ಮಾಡಿಕೊಟ್ಟವಳು ಪ್ರಣೀತಾ. ಜೋಗೇಶ್ವರಿಯಲ್ಲಿ ಮನೆಯಿಂದಲೇ ಇಂಥ ಕೆಲಸ ಮಾಡುವ ಇಪ್ಪತ್ತೇಳರ ಹುಡುಗಿ. 1.10ಕ್ಕೆ ಲ್ಯಾಪ್‌ಟಾಪ್ ಹಿಡಿದು ಬಂದಳು.

"ಲಾಗಿನ್ ಹೇಗೆ ಆಗುತ್ತದೆ? ನನಗೆ ಅರ್ಥವಾಗುವ ಹಾಗೆ ಹೇಳಿ," ಎಂದರು ಜ್ಯೋತ್ಸ್ನಾ.

"ಸಿಂಪಲ್ ಮ್ಯಾಮ್. ಮೊಬೈಲ್ ನಂಬರ್ ಹಾಕ್ಬೇಕು, ಓಟಿಪಿ ಬರ್ತದೆ. ಅದು ಸರಿ ಇದ್ರೆ ಇವರು ಯಾರು ಅಂತ ಸಿಸ್ಟಮ್ ನೋಡ್ತದೆ. ಕೆಲಸದವ್ರಾದ್ರೆ ಡ್ಯೂಟಿ ಪುಟಕ್ಕೆ ಕಳಿಸ್ತದೆ, ಪೇಶಂಟ್ ಮನೆಯವ್ರಾದ್ರೆ ಪೇಶಂಟ್ ಪುಟಕ್ಕೆ, ಆಫೀಸ್ ಆದ್ರೆ ಆಫೀಸ್ ಪುಟಕ್ಕೆ. ಆಟೊಮ್ಯಾಟಿಕ್."

"ಶನಿವಾರ ಕಾಶವ್ವ ಲಾಗಿನ್ ಆಗಿದ್ದಳೇ?"

ಪ್ರಣೀತಾ ದಾಖಲೆ ತೆರೆದಳು. "ಹಾಂ, ಆರು ಐವತ್ತೆರಡಕ್ಕೆ. ಓಟಿಪಿ ಸರಿ ಇದೆ." ಕೆಳಗೆ ಹೋದಳು, ಮತ್ತೆ ಮೇಲೆ ಬಂದಳು. ಹುಬ್ಬು ಗಂಟಾಯಿತು. "ಆದ್ರೆ ಮ್ಯಾಮ್, ಡ್ಯೂಟಿ ಪುಟ ಓಪನ್ ಆಗಿಲ್ಲ. ಲಾಗಿನ್ ಆಗಿದ್ದಾರೆ, ಆಮೇಲೆ ನಮ್ಮ ಸೈಟಲ್ಲೇ ಇಲ್ಲ."

"ಮತ್ತೆ ಎಲ್ಲಿಗೆ ಹೋದಳು?"

ಹತ್ತು ನಿಮಿಷ ಪ್ರಣೀತಾ ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದಳು. ಯಲ್ಲಾಲಿಂಗ ಬಾಗಿಲ ಬಳಿ ನಿಂತೇ ಇದ್ದ.

"ಸಿಕ್ತು," ಎಂದಳು ಪ್ರಣೀತಾ, ಅಳುವ ದನಿಯಲ್ಲಿ. "ಇದು ನನ್ನ ತಪ್ಪು ಮ್ಯಾಮ್. ಹೊಸಬರಿಗೆ ಫಸ್ಟ್ ಟೈಮ್ ಟ್ರೇನಿಂಗ್ ವಿಡಿಯೊ ತೋರಿಸ್ಬೇಕು ಅಂತ ಸೇವಂತಿ ಆಂಟಿ ಹೇಳಿದ್ರು. ಅದಕ್ಕೆ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಖಾಲಿ ಜಾಗ ಇಟ್ಟೆ. ಅಲ್ಲಿ ಯಾವ ಪುಟದ ಅಡ್ರೆಸ್ ಹಾಕ್ತಾರೋ, ಲಾಗಿನ್ ಆದ್ಮೇಲೆ ಅಲ್ಲಿಗೇ ಹೋಗ್ತಾರೆ. ಖಾಲಿ ಇದ್ರೆ ಮಾತ್ರ ಡ್ಯೂಟಿ ಪುಟ. ಹೊರಗಿನ ಅಡ್ರೆಸ್ ಹಾಕಿದ್ರೆ ತಡೀಬೇಕಿತ್ತು. ನಾನು ತಡೀಲಿಲ್ಲ. ಕಾಶವ್ವನ ಹೆಸರಿನ ಮುಂದೆ ಯಾರೋ ಹೊರಗಿನ ಅಡ್ರೆಸ್ ಹಾಕಿದ್ದಾರೆ."

"ಯಾವಾಗ?"

"ಶುಕ್ರವಾರ ರಾತ್ರಿ ಏಳು ಹದಿನಾಲ್ಕು. ಆಫೀಸ್-ಎರಡು ಅನ್ನೋ ಲಾಗಿನ್ನಿಂದ."

"ಆ ಪುಟ ತೆರೆಯಿರಿ."

ತೆರೆದಾಗ ಬ್ಯೂರೋದ ಡ್ಯೂಟಿ ಪುಟವೇ ಬಂದಂತಿತ್ತು. ಅದೇ ಬಣ್ಣ, ಅದೇ ಅಕ್ಷರ, ಮೇಲೆ ಕಾಶವ್ವನ ಹೆಸರು. ಆದರೆ ವಿಳಾಸ ಬೊರಿವಲಿ ಪಶ್ಚಿಮದ ಒಂದು ಕಟ್ಟಡದ್ದು. ಎರಡನೇ ಮಹಡಿ. ರೋಗಿಯ ಹೆಸರು ರಾಚವ್ವ, 76 ವರ್ಷ. 24 ತಾಸಿನ ಡ್ಯೂಟಿ.

ಸೇವಂತಿ ಪರದೆಗೆ ಬಗ್ಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ, ಇದು ನಮ್ಮ ಸುಭಾಷನ ಮನೆ. ಅವನ ತಾಯಿ ಇದು."

ಆಫೀಸ್-2 ಯಾರ ಲಾಗಿನ್ ಎಂದು ಕೇಳುವ ಅಗತ್ಯ ಉಳಿಯಲಿಲ್ಲ. ಎಲ್ಲರೂ ಗಾಜಿನ ಆಚೆ ನೋಡಿದರು. ಕಂಪ್ಯೂಟರ್ ಆನ್ ಆಗಿಯೇ ಇತ್ತು. ಸುಭಾಷನ ಕುರ್ಚಿ ಖಾಲಿ. ಮೇಜಿನ ಮೇಲಿದ್ದ ಚೀಲವೂ ಇರಲಿಲ್ಲ.

"ಅವನಿಗೇ ಡ್ಯೂಟಿ ಹಂಚುವ ಅಧಿಕಾರ ಇತ್ತಲ್ಲ. ನೇರವಾಗಿ ತನ್ನ ಮನೆಗೇ ಹಾಕಿಕೊಳ್ಳಬಹುದಿತ್ತು," ಎಂದರು ಜ್ಯೋತ್ಸ್ನಾ.

"ಆಗುದಿಲ್ಲ ಮೇಡಂ. ಆ ಮನೆ ಬಂದ್ ಮಾಡಿದ್ದೇನೆ. ಮೂರು ಜನ ಹೆಂಗಸರನ್ನು ಕಳಿಸಿದೆ, ಮೂರೂ ಜನರಿಗೆ ಆ ಅಜ್ಜಿ ಹೊಡೆದದ್ದು. ಒಬ್ಬಳ ಕೈ ಕಚ್ಚಿದ್ದು, ಹೊಲಿಗೆ ಹಾಕಬೇಕಾಯ್ತು. ಬಂದ್ ಮಾಡಿದ ವಿಳಾಸ ಸಿಸ್ಟಮ್ ತೆಗೊಳ್ಳುದಿಲ್ಲ." ಸೇವಂತಿ ತಡೆದು ಹೇಳಿದರು, "ಕಾಶವ್ವನನ್ನು ಕಳಿಸಿ ಅಂತ ಅವನು ಎರಡು ಸಲ ಕೇಳಿದ್ದ. ನಾನು ಆಗುದಿಲ್ಲ ಅಂದೆ."

ಯಲ್ಲಾಲಿಂಗ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಕಚ್ಚುವ ಮುದುಕಿ, ಆರಿದ ಫೋನು, ಪರಾರಿಯಾದ ಮಗ. ಜ್ಯೋತ್ಸ್ನಾ ಆಗಲೇ ಬೊರಿವಲಿ ಠಾಣೆಗೆ ಫೋನ್ ಮಾಡುತ್ತಿದ್ದರು. ಪಂಚ ಸಾಕ್ಷಿಗಳಿಬ್ಬರನ್ನು ಕರೆಸಿ, ಕಂಪ್ಯೂಟರಿನ ಪಂಚನಾಮೆ ಮಾಡಲು ಅಂಧೇರಿ ಠಾಣೆಯ ಸಿಬ್ಬಂದಿಗೆ ಒಪ್ಪಿಸಿ, 2.15ಕ್ಕೆ ಹೆದ್ದಾರಿ ಹಿಡಿದರು. ಗೋರೆಗಾಂವ್ ದಾಟುವಾಗ ಗುರುಬಾಯಿಯ ಫೋನ್ ಬಂತು. ಯಲ್ಲಾಲಿಂಗ "ನೋಡಾಕತ್ತೀವಿ ಅಕ್ಕಾ" ಎಂದಷ್ಟೇ ಹೇಳಿ ಇಟ್ಟ.

3.05. ಬೊರಿವಲಿ ಠಾಣೆಯ ಜೀಪು ಇನ್ನೂ ಬಂದಿರಲಿಲ್ಲ. ಎರಡನೇ ಮಹಡಿಯ ಬಾಗಿಲು ಬಡಿದಾಗ ಒಳಗಿನಿಂದ ಹೆಂಗಸಿನ ದನಿ ಬಂತು: "ಬಂದೆ, ತಡೀರಿ!"

ಬಾಗಿಲು ತೆರೆದವಳ ಒಂದು ಕೈಯಲ್ಲಿ ಬಾಚಣಿಗೆ, ಅಂಗೈಗೆಲ್ಲ ಕೊಬ್ಬರಿ ಎಣ್ಣೆ. ಆಧಾರ್ ಕಾರ್ಡಿನ ಚಿತ್ರದಲ್ಲಿದ್ದ ಮುಖವೇ. ಅವಳ ಹಿಂದೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಮುದುಕಿ ಅರ್ಧ ಹೆಣೆದ ಜಡೆಯನ್ನು ಕೈಯಲ್ಲಿ ಹಿಡಿದು, "ಯಾರ ಬಂದಾರ ಕಾಶಿ? ಉಣ್ಣಾಕ ಕರಿ," ಎಂದಳು.

ಯಲ್ಲಾಲಿಂಗ ಗೋಡೆಗೊರಗಿ ಉಸಿರು ಬಿಟ್ಟ. ಜ್ಯೋತ್ಸ್ನಾ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ನೀವು ಕಾಶವ್ವ ಅಲ್ವಾ? ಏನೂ ತೊಂದರೆ ಇಲ್ಲ ತಾನೆ?"

"ನನಗೇನಾಗೇತ್ರೀ?" ಕಾಶವ್ವ ಕಣ್ಣು ಅಗಲಿಸಿದಳು. "ನಮ್ಮ ಅಕ್ಕಗೇನರ ಆತೇನು?"

ಫೋನಿನ ಕತೆ ಅಲ್ಲೇ ತಿಳಿಯಿತು. ಶನಿವಾರ ಸಂಜೆ ರಾಚವ್ವ ಅದನ್ನು ನೀರಿನ ಬಕೆಟ್ಟಿಗೆ ಹಾಕಿದ್ದಳು. ಅಕ್ಕನಿಗೆ ತಿಳಿಸಿ ಎಂದು ಕಾಶವ್ವ ಸುಭಾಷನಿಗೆ ನಂಬರ್ ಬರೆದುಕೊಟ್ಟಿದ್ದಳು. ಆಫೀಸಿನಿಂದ ಹೇಳಿಸಿದ್ದೇನೆ ಎಂದು ಅವನು ಮೂರು ದಿನವೂ ಹೇಳಿದ್ದ. ಯಲ್ಲಾಲಿಂಗ ತನ್ನ ಫೋನಿನಿಂದ ಗುರುಬಾಯಿಗೆ ಕರೆ ಹಚ್ಚಿಕೊಟ್ಟ. ಆ ತುದಿಯ ಅಳು ಇಡೀ ಕೋಣೆಗೆ ಕೇಳಿಸಿತು. "ಸತ್ತಿಲ್ಲ ಬಿಡು, ಅಳಬ್ಯಾಡ, ಸಂಜಿಗೆ ಬರ್ತೀನಿ," ಎನ್ನುತ್ತ ಕಾಶವ್ವನೂ ಅಳತೊಡಗಿದಳು.

ಅಡುಗೆಮನೆಯ ಬಾಗಿಲಲ್ಲಿ ಸುಭಾಷ ನಿಂತಿದ್ದ. ಓಡಿಹೋಗಿರಲಿಲ್ಲ, ಇವರಿಗಿಂತ ಅರ್ಧ ಗಂಟೆ ಮೊದಲು ಲೋಕಲ್ ಹಿಡಿದು ಮನೆಗೇ ಬಂದಿದ್ದ. ಕಾಶವ್ವನಿಗೆ ಎಲ್ಲ ಹೇಳಿಬಿಡಬೇಕೆಂದು ಬಂದವನಿಗೆ ಬಾಯಿ ಬಂದಿರಲಿಲ್ಲ. ಈಗ ಜ್ಯೋತ್ಸ್ನಾ ಹೇಳಿದರು: ಪುಟ ನಕಲಿ, ಡ್ಯೂಟಿ ನಕಲಿ, ಅಂಧೇರಿಯಲ್ಲಿ ಬಿದ್ದ ಮುದುಕ, ಕೆಂಪಕ್ಷರದ ಸಾಲು.

ಕಾಶವ್ವ ಬಾಚಣಿಗೆಯನ್ನು ನೆಲಕ್ಕೆ ಇಟ್ಟು ಎದ್ದಳು. "ನನ್ನ ಹೆಸರ ಮುಂದ ಓಡಿಹೋದಾಕಿ ಅಂತ ಬರದಾರ? ಅಕ್ಕನ ಮುಂದ ಹಂಗ ಅಂದಾರ?" ಸುಭಾಷನ ಎದುರು ಹೋಗಿ ನಿಂತು ಹಿಂದಿಯಲ್ಲಿ ಕೇಳಿದಳು. "ನಿಜ ಹೇಳಿದ್ದರೆ ನಾನು ಬರುತ್ತಿರಲಿಲ್ಲವಾ, ಭಾಯ್? ಒಂದು ಸಲ ನನ್ನನ್ನೇ ಕೇಳಬಾರದಿತ್ತಾ?"

ಅವನು ಚಪ್ಪಲಿ ಮೆಟ್ಟಿ ಪೊಲೀಸರ ಜೊತೆ ಹೊರಟ.

ಸಂಜೆ 5.30ಕ್ಕೆ ಎಫ್‌ಐಆರ್ ದಾಖಲಾಯಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ ಕಲಮು 66 ಮತ್ತು 66ಡಿ, ಜೊತೆಗೆ ವಂಚನೆ. ಆರೋಪಿಯ ಬಂಧನದ ಸಮಯ 5.50. ಬ್ಯೂರೋದ ದಾಖಲೆಯಿಂದ ಕೆಂಪು ಸಾಲನ್ನು ಅಳಿಸಿ, ಅದರ ಪ್ರಿಂಟ್ ತೆಗೆದುಕೊಂಡು ಸೇವಂತಿ ತಾವೇ ಠಾಣೆಗೆ ಬಂದರು. ಅದನ್ನು ಗುರುಬಾಯಿಯ ಕೈಗೆ ಕೊಟ್ಟು, "ತಪ್ಪಾಯ್ತಮ್ಮ, ಹಾಗೆ ಹೇಳಬಾರದಿತ್ತು," ಎಂದರು. ಗುರುಬಾಯಿಗೆ ಓದಲು ಬಾರದು. ಆದರೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಹೊರಗಿನ ವಿಳಾಸಗಳನ್ನೆಲ್ಲ ತಡೆದಾಗಿದೆ ಎಂದು ಪ್ರಣೀತಾಳ ಮೆಸೇಜು ಬಂತು.

ಸುಭಾಷನ ಹೇಳಿಕೆಯನ್ನು ಯಲ್ಲಾಲಿಂಗ ಮರಾಠಿಯಲ್ಲಿ ಬರೆದುಕೊಂಡ. ಜ್ಯೋತ್ಸ್ನಾ ಕೇಳಿದ್ದು ಒಂದೇ ಪ್ರಶ್ನೆ. ಇಪ್ಪತ್ತು ಜನ ಹೆಂಗಸರ ಪಟ್ಟಿಯಲ್ಲಿ ಕಾಶವ್ವನೇ ಯಾಕೆ?

"ಕನ್ನಡ ಬರುವವಳು ಅವಳೊಬ್ಬಳೇ," ಎಂದ ಸುಭಾಷ. "ನನ್ನ ಅಪ್ಪ ಲಾತೂರಿನವರು. ಮನೆಯಲ್ಲಿ ಮರಾಠಿಯೇ. ಆಯಿಯೂ ಐವತ್ತು ವರ್ಷ ಮರಾಠಿಯನ್ನೇ ಆಡಿದಳು. ಮರೆವಿನ ಕಾಯಿಲೆ ಬಂದ ಮೇಲೆ ಅದು ಪೂರ್ತಿ ಹೋಯಿತು. ಉಳಿದದ್ದು ಅವಳ ತವರಿನ ಭಾಷೆ, ಅದು ನನಗೆ ಬರುವುದಿಲ್ಲ. ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಏನೋ ಒಂದು ಕೇಳುತ್ತಾಳೆ. ಕದ ತಗಿ, ಕದ ತಗಿ ಅಂತ. ನಾನು ನೀರು ಕೊಡುತ್ತಿದ್ದೆ. ಮಾತ್ರೆ ಕೊಡುತ್ತಿದ್ದೆ. ಲೋಟ ಎಸೆಯುತ್ತಿದ್ದಳು. ಹತ್ತಿರ ಬಂದವರನ್ನು ಹೊಡೆಯುತ್ತಿದ್ದಳು."

ಯಲ್ಲಾಲಿಂಗನ ಪೆನ್ನು ನಿಂತಿತು.

"ಶನಿವಾರ ಕಾಶವ್ವ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಆಯಿ ಮತ್ತೆ ಅದನ್ನೇ ಹೇಳಿದಳು. ಕಾಶವ್ವ ನನ್ನಿಂದ ಕೀಲಿ ಕೇಳಿ ಪಡೆದು, ಎದ್ದು ಹೋಗಿ ಬಾಲ್ಕನಿಯ ಬಾಗಿಲು ತೆಗೆದಳು. ಅಷ್ಟೇ ಮೇಡಂ. ಆಯಿ ಬಿಸಿಲಿಗೆ ಹೋಗಿ ಕೂತಳು, ಸಂಜೆಯವರೆಗೆ ಯಾರ ಮೇಲೂ ಕೈ ಎತ್ತಲಿಲ್ಲ. ಧೂಳು ಬರುತ್ತದೆಂದು ಎರಡು ವರ್ಷದಿಂದ ನಾನೇ ಅದಕ್ಕೆ ಬೀಗ ಹಾಕಿದ್ದೆ. ಆಮೇಲೆ ಕಾಶವ್ವನನ್ನು ವಾಪಸು ಕಳಿಸಲು ನನ್ನಿಂದ ಆಗಲಿಲ್ಲ."

ಜಾಮೀನು ಸಿಗುವ ಕಲಮುಗಳು. ಅವನ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಬಂದು ಜಾಮೀನಿಗೆ ಸಹಿ ಹಾಕಿದ ಮೇಲೆ 7.40ಕ್ಕೆ ಸುಭಾಷನನ್ನು ಬಿಟ್ಟರು. ಪಕ್ಕದ ಮನೆಯ ಹೆಂಗಸಿನ ಬಳಿ ರಾಚವ್ವನನ್ನು ಬಿಟ್ಟು ಬಂದಿದ್ದ ಕಾಶವ್ವ, ಅಕ್ಕನ ಜೊತೆ ಆಗಲೇ ಚಾಳಿನ ದಾರಿ ಹಿಡಿದಿದ್ದಳು. ರವಿವಾರ ರಜೆಯಿದೆ, ಅಜ್ಜಿಗೆ ತಲೆ ಬಾಚಿ ಬರುತ್ತೇನೆ, ಆದರೆ ಸೇವಂತಿ ಮೇಡಂಗೆ ಹೇಳಿಯೇ ಹೋಗುವುದು ಎಂದು ಜ್ಯೋತ್ಸ್ನಾ ಅವರ ಮುಂದೆ ಹೇಳಿಹೋಗಿದ್ದಳು.

ಸುಭಾಷ ಮೆಟ್ಟಿಲು ಇಳಿಯುವಾಗ ಯಲ್ಲಾಲಿಂಗ ಹಿಂದಿನಿಂದ ಕೂಗಿ ನಿಲ್ಲಿಸಿ ಒಂದು ಹಾಳೆ ಕೊಟ್ಟ. ಇಪ್ಪತ್ತೆರಡು ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಒಂದೊಂದರ ಮುಂದೆ ಮರಾಠಿ ಅರ್ಥ ಹಾಕಿದ್ದ. ಸುಭಾಷ ಠಾಣೆಯ ದೀಪದ ಕೆಳಗೆ ನಿಂತು, ಮೊದಲನೆಯದನ್ನು ಮೆಲ್ಲಗೆ ಎರಡು ಸಲ ಓದಿಕೊಂಡ: ಕದ ತಗಿ, ಕದ ತಗಿ.