ಬದುವಿನ ಮೇಲಿನ ಉಡದಾರ

ಸೋಮವಾರ ಬೆಳಗ್ಗೆ ಎಂಟಕ್ಕೆ ತೆಲುಗು ಸೀಮೆಯ ಗಡಿಯ ಬಶೀರಾಬಾದ್ ಕಡೆಯ ಮಾಳಮ್ಮ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಮುಷ್ಟಿಯಲ್ಲಿ ಕೊಯ್ದ ಕರಿ ಉಡದಾರ ಇತ್ತು.

“ನನ್ ಗಂಡ ಮೊಗಲಪ್ಪಗ ರಾತ್ರಿ ಹೊಲದಿಂದ ಯಾರೋ ಒಯ್ದಾರ್ರಿ ಮೇಡಂ! ಬದುವಿನ ಮ್ಯಾಲ ಇದು ಬಿದ್ದಿತ್ತು. ಜೀವ ಇದ್ದಾವಂದು ಉಡದಾರ ಕೊಯ್ತಾರೇನ್ರಿ? ಹೆಣದ್ದು ಕೊಯ್ತಾರ!”

ಇನ್ಸ್‌ಪೆಕ್ಟರ್ ಶೈಲಶ್ರೀ ಆಕೆಗೆ ನೀರು ಕುಡಿಸಿದರು. ಹೆಡ್ ಕಾನ್‌ಸ್ಟೇಬಲ್ ವೀರಭದ್ರ ಕನ್ನಡದಲ್ಲಿ ಕೇಳಿಸಿಕೊಂಡು ತೆಲುಗಿನಲ್ಲಿ ಎಫ್‌ಐಆರ್ ಬರೆದ. ಅಪಹರಣ.

“ಯಾರ ಮ್ಯಾಲರ ಅನುಮಾನ ಅದ ಏನವ್ವಾ?”

“ಇಲ್ರಿ. ಯಾರ ತಂಟಿಗೂ ಹೋಗಾವಲ್ಲ. ಹ್ವಾದ ತಿಂಗಳು ಕುಡದು ಜಗಳಾಡಿ ಒಂದಿನ ಜಹೀರಾಬಾದ್ ಠಾಣೆ ಲಾಕಪ್ಪಿನಾಗ ಇದ್ದ, ಅಷ್ಟೇ.”

ಹೊಲದಲ್ಲಿ ಪಂಚನಾಮೆ ನಡೆಯಿತು. ರಕ್ತವಿಲ್ಲ. ಬದುವಿನ ಮೇಲೆ ಮೊಗಲಪ್ಪನ ಬೆಲ್ಟು, ಮಡಚಿದ ಟವೆಲ್ಲು, ಬೆಂಕಿಪೆಟ್ಟಿಗೆ.

“ಮಾಟ-ಗೀಟ ಇರ್ಬಹುದೇನ್ರಿ?” ಅಂದ ವೀರಭದ್ರ.

“ಮಾಟ ಅಲ್ಲೋ ಮಾರಾಯಾ. ಲಾಕಪ್ಪಿಗೆ ಹಾಕೋ ಮುಂದ ನೀ ಏನೇನು ತಗೀತಿ?”

ವೀರಭದ್ರನ ಮುಖ ಇಳಿಯಿತು. ಒಳಗೆ ಹೋದವನು ನೇಣು ಹಾಕಿಕೊಳ್ಳಬಾರದು, ಬೆಂಕಿ ಹಚ್ಚಿಕೊಳ್ಳಬಾರದು ಎಂದು ಪೊಲೀಸರು ತೆಗೆಯುವುದು ಇವನ್ನೇ. “ಹಂಗಾದ್ರ ಒಯ್ದಾವ ನಮ್ಮ ಪೊಲೀಸನೇ ಅದಾನ್ರಿ!”

“ನಿನ್ ಗಂಡ ಜೀವಂತ ಅದಾನವ್ವಾ,” ಎಂದರು ಶೈಲಶ್ರೀ.

“ಬೇಲಿನೇ ಎದ್ದು ಹೊಲ ಮೇಯ್ದ್ರ ಯಾರಿಗೆ ಹೇಳ್ಬೇಕ್ರಿ!” ಮಾಳಮ್ಮ ಹಣೆ ಬಡಿದುಕೊಂಡಳು.

ಜಹೀರಾಬಾದ್ ಠಾಣೆಯ ಸುದ್ದಿ ಇಲಾಖೆಗೆಲ್ಲ ಗೊತ್ತಿತ್ತು. ಮೊಗಲಪ್ಪ ಒಳಗಿದ್ದ ದಿನವೇ ಜೊತೆಯ ಕೈದಿ ರೇವಪ್ಪ ಕೊರಳ ಶಿವದಾರದಿಂದ ನೇಣು ಹಾಕಿಕೊಂಡು ಸತ್ತ. ಲಿಂಗ ಕಟ್ಟಿದ್ದ ಆ ದಾರವನ್ನು ತೆಗೆಸಲಿಲ್ಲವೆಂದು ಪಹರೆಯ ಕಾನ್‌ಸ್ಟೇಬಲ್ ಸೂರ್ಯಕಾಂತ ಸಸ್ಪೆಂಡ್ ಆದ. ಅವನ ವಿಚಾರಣೆ ಮಂಗಳವಾರ.

ಜಹೀರಾಬಾದಿನ ಮನೆಯಲ್ಲಿ ಸೂರ್ಯಕಾಂತ ಇರಲಿಲ್ಲ. ಹೆಂಡತಿ ತಾರಾಬಾಯಿ ಬುತ್ತಿ ಕಟ್ಟುತ್ತಿದ್ದಳು, ಇಬ್ಬರಿಗೆ.

“ಇನ್ನೊಂದು ಯಾರಿಗವ್ವಾ?”

ಅಷ್ಟು ಕೇಳಿದ್ದೇ ತಡ, ಅತ್ತೇಬಿಟ್ಟಳು. “ಕೊಹೀರಿನಾಗ ನಮ್ಮಣ್ಣನ ಪೇರಲ ತೋಟದಾಗ ಅದಾರ್ರಿ. ಹೊಡೀಬ್ಯಾಡ್ರಿ ಮೇಡಂ, ವಾರದಿಂದ ಸರಿಯಾಗಿ ಉಂಡಿಲ್ಲ ನಮ್ಮನಿಯವ್ರು.”

ತೋಟದ ಗುಡಿಸಲಲ್ಲಿ ಮೊಗಲಪ್ಪ ಹೊರಸಿನ ಮೇಲೆ ಕುಳಿತಿದ್ದ. ಸೂರ್ಯಕಾಂತ ಓಡಲಿಲ್ಲ. ಅಭ್ಯಾಸ ಎಲ್ಲಿ ಹೋಗುತ್ತದೆ, ಸೆಲ್ಯೂಟ್ ಹೊಡೆದ.

“ಇವಂಗ ಯಾಕ ತಂದಿ?”

“ರೇವಪ್ಪಂದು ಬೆಲ್ಟು, ಉಡದಾರ ಎಲ್ಲಾ ತಗದಿದ್ದೆ ಮೇಡಂ. ಲಿಂಗಕ್ಕ ಕೈ ಹಚ್ಚಾಕ ಮನಸಾಗಲಿಲ್ಲ. ನಾನೂ ಲಿಂಗ ಕಟ್ಟಿದಾವ. ಎಸ್ಸೈ ಸಾಹೇಬ್ರಿಗೆ ಕೇಳ್ದೆ, ‘ಇರ್ಲಿ ಬಿಡು’ ಅಂದ್ರು. ಈಗ ಅಂದೇ ಇಲ್ಲ ಅಂತಾರ. ಆ ಮಾತು ಕಿವಿಲೇ ಕೇಳಿದಾವ ಇವನೊಬ್ಬನೇ. ಕಾಲಿಗೆ ಬಿದ್ದೆ, ಸಾಕ್ಷಿಗಿ ಬರಲ್ಲ ಅಂದ.”

“ಉಡದಾರ ಯಾಕ ಕೊಯ್ದಿ?”

“ಇವನೂ ಉರ್ಲು ಹಾಕ್ಕೊಂಡು ಸತ್ರ ನಾ ಏನ್ ಮಾಡ್ಲಿ ಮೇಡಂ?”

ಮೊಗಲಪ್ಪ ತಲೆ ಎತ್ತಿದ. “ಎಸ್ಸೈ ಸಾಹೇಬ್ರು ಅಂದಿದ್ದು ಖರೇ ಅದ್ರಿ. ಅಂಜಿ ಸುಮ್ನಿದ್ದೆ. ನಾಳಿ ಹೇಳ್ತೀನಿ.”

“ಕೇಳಿದ್ರಲ್ಲ ಮೇಡಂ!” ಸೂರ್ಯಕಾಂತನ ಮುಖ ಅರಳಿತು.

ಶೈಲಶ್ರೀ ಅವನ ಕಡೆ ತಿರುಗಿದರು. “ನೀ ಎತ್ತಿ ತಂದ ಸಾಕ್ಷಿಗಿ ಯಾರು ನಂಬ್ತಾರೋ ಸೂರ್ಯಕಾಂತ? ನಿನ್ನ ಅನ್ನಕ್ಕ ನೀನೇ ಮಣ್ಣು ಹಾಕ್ಕೊಂಡಿ.”

ಅವನು ನಿಂತಲ್ಲೇ ಕುಕ್ಕರಿಸಿದ. ಅತ್ತ ದರಿ ಇತ್ತ ಪುಲಿ ಎಂದು ನಿಂತಿದ್ದವನು ಈಗ ದರಿಗೇ ಬಿದ್ದಿದ್ದ. ಸಂಜೆ ಐದಕ್ಕೆ ದಸ್ತಗಿರಿ ಆಯಿತು.

ಲಾಕಪ್ಪಿನ ಬಾಗಿಲಲ್ಲಿ ವೀರಭದ್ರ ಅವನ ಬೆಲ್ಟು ತೆಗೆದ, ಉಡದಾರ ಕೊಯ್ದ. ಕೊರಳಿನ ಹತ್ತಿರ ಕೈ ನಿಂತಿತು. “ಮೇಡಂ... ಲಿಂಗ ಅದ್ರಿ.”

‘ಇರ್ಲಿ ಬಿಡು’ ಎಂಬ ಮಾತು ಶೈಲಶ್ರೀಯ ನಾಲಿಗೆಯ ತುದಿಗೇ ಬಂದಿತ್ತು. ಅಯ್ಯೋ ಶಿವನೇ ಎಂದು ತುಟಿ ಕಚ್ಚಿಕೊಂಡರು.

ಅದನ್ನು ಕಂಡ ಸೂರ್ಯಕಾಂತ ತಾನೇ ಶಿವದಾರ ಬಿಚ್ಚಿದ. ಲಿಂಗವನ್ನು ಕಣ್ಣಿಗೊತ್ತಿಕೊಂಡು ವೀರಭದ್ರನ ಅಂಗೈಯಲ್ಲಿಟ್ಟ.

“ನೀವು ಏನೂ ಅನ್ಬ್ಯಾಡ್ರಿ ಮೇಡಂ. ನಾಳಿ ನಿಮಗೂ ಸಾಕ್ಷಿ ಸಿಗಲ್ಲ.”

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯಬೇಕಿತ್ತು. ತನ್ನ ಮಾತು ನಂಬುವವರು ಯಾರೂ ಇಲ್ಲವೆಂಬ ಹತಾಶೆ ಎಂದು ಬರೆದು ಶೈಲಶ್ರೀ ಸಹಿ ಹಾಕಿದರು. ಹೊರಗೆ ತಾರಾಬಾಯಿ ಬುತ್ತಿ ಹಿಡಿದು ಕುಳಿತಿದ್ದಳು.